ಜೊವಾವ್ ಫೊನ್ಸೆಕಾ: ಮುಂದಿನ ವರ್ಷ ಯಾವ ದಾರಿ ಹಿಡಿಯಬೇಕು?

ಮಣ್ಣಂಗಳ
2025ರ ಟೆನಿಸ್ ಸೀಸನ್ ಮುಗಿಯಿತು. ಬ್ರೆಜಿಲ್ ಹುಡುಗ ಫೊನ್ಸೆಕಾ 24ನೇ ರ‍್ಯಾಂಕ್‌ನಲ್ಲಿ ವರ್ಷ ಮುಗಿಸಿದ್ದಾನೆ. ಹಿಂದಿನ ವರ್ಷದ ಕೊನೆಗೆ 145ರಲ್ಲಿದ್ದ. ಹುಟ್ಟಿದ್ದು 2006ರ ಆಗಸ್ಟ್‌ನಲ್ಲಿ, ಅಂದರೆ ಈಗಿನ್ನೂ 19. ಫೆಬ್ರುವರಿಯಲ್ಲಿ ಬ್ಯೂನಸ್ ಐರಿಸ್, ಅಕ್ಟೋಬರ್‌ನಲ್ಲಿ ಬಾಸೆಲ್, ಎರಡು ಎಟಿಪಿ (ಪುರುಷರ ಮುಖ್ಯ ಟೂರ್) ಪ್ರಶಸ್ತಿ. ಜೊತೆಗೆ ಅದಕ್ಕಿಂತ ಕೆಳಗಿನ ಹಂತದ ಎರಡು ಚಾಲೆಂಜರ್ ಪ್ರಶಸ್ತಿ.

ಇನ್ನೊಂದು ಕಡೆ ನೋಡಿ. ಗ್ರ್ಯಾನ್‌ಸ್ಲಾಮ್‌ನಲ್ಲಿ ಮೂರನೇ ಸುತ್ತು ದಾಟಿಲ್ಲ. ಅದಕ್ಕಿಂತ ಒಂದು ಮೆಟ್ಟಿಲು ಕೆಳಗಿನ ಮಾಸ್ಟರ್ಸ್ ಟೂರ್ನಿಗಳಲ್ಲಿ ಒಂದೂ ಕ್ವಾರ್ಟರ್ ಫೈನಲ್ ಇಲ್ಲ. ಆದರೂ ಎಲ್ಲೆಲ್ಲೂ ಒಂದೇ ಮಾತು: ಅಗ್ರ ಇಬ್ಬರು ಸಿನ್ನರ್, ಅಲ್ಕರಾಜ್ ಆದ ಮೇಲೆ ಮೂರನೆಯವನು ಇವನೇ.

ನನ್ನ ಪ್ರಶ್ನೆ ಇಷ್ಟೇ. ಇನ್ನು ಮುಂದೆ ಅವನು ದೊಡ್ಡ ಟೂರ್ನಿಗಳನ್ನು ಮಾತ್ರ ಆಡಬೇಕಾ? ಈ ವರ್ಷ ಮಾಡಿದ ಹಾಗೆ ನಡುನಡುವೆ ಕೆಳಗಿಳಿದು ಆಡುವುದು ಒಳ್ಳೆಯದಾ? ನನಗಂತೂ ಅವನು ಇಷ್ಟು ಬೆಳೆದದ್ದೇ ಆ ಚಾಲೆಂಜರ್‌ಗಳಿಂದ ಅನ್ನಿಸುತ್ತದೆ. ನಿಮಗೇನನ್ನಿಸುತ್ತದೆ?

ರಾತ್ರಿಪಂದ್ಯ
ಚಾಲೆಂಜರ್ ಎಲ್ಲ ಮುಗಿದ ಕಥೆ ಸಾರ್. 24ನೇ ರ‍್ಯಾಂಕ್‌ನವನು ಅಲ್ಲಿ ಏನು ಮಾಡಬೇಕು?

ಆಸ್ಟ್ರೇಲಿಯನ್ ಓಪನ್‌ನಲ್ಲಿ ರುಬ್ಲೆವ್ ಜೊತೆ ಆಡಿದ್ದನ್ನು ನೋಡಿದವರಿಗೆ ಇವನ ಬಗ್ಗೆ ಅನುಮಾನ ಇರಲು ಸಾಧ್ಯವೇ ಇಲ್ಲ. ಮೊದಲ ಗ್ರ್ಯಾನ್‌ಸ್ಲಾಮ್, ಅರ್ಹತಾ ಸುತ್ತಿನಿಂದ ಬಂದವನು, ಎದುರಿಗೆ 9ನೇ ಶ್ರೇಯಾಂಕದ ಆಟಗಾರ. ನೇರ ಸೆಟ್‌ಗಳಲ್ಲಿ ಗೆದ್ದ. ಮೊದಲ ಸೆಟ್ ಮತ್ತು ಕೊನೆಯ ಸೆಟ್ ಎರಡೂ ಟೈಬ್ರೇಕರ್, ಎರಡರಲ್ಲೂ ಹೆದರಲಿಲ್ಲ. ಒತ್ತಡದಲ್ಲಿ ಇನ್ನೂ ಜೋರಾಗಿ ಹೊಡೆಯುವ ಹುಡುಗರು ಬಹಳ ಕಡಿಮೆ.

ಎರಡನೇಸರ್ವ್
ಅದರ ಮುಂದಿನ ಪಂದ್ಯವನ್ನೂ ಹೇಳಿ. ಸೊನೆಗೊ ಎದುರು ಐದು ಸೆಟ್‌ಗಳಲ್ಲಿ ಸೋತ. ಮೊದಲ ಸೆಟ್ ಗೆದ್ದು ಆಮೇಲಿನ ಎರಡು ಬಿಟ್ಟ, ಮೂರನೆಯದು 6-1. ಒಂದೇ ಪಂದ್ಯ ನೋಡಿ ಹಣೆಬರಹ ಬರೆಯಬೇಡಿ.

ರಾತ್ರಿಪಂದ್ಯ
ಎರಡನೇಸರ್ವ್ ಅವರೇ, ಆ ಸೋಲಿಗೆ ಮೊದಲು ಅವನು ಸತತ 14 ಪಂದ್ಯ ಗೆದ್ದಿದ್ದ. ಜಿದ್ದಾದಲ್ಲಿ ನಡೆದ ಯುವ ಆಟಗಾರರ ನೆಕ್ಸ್ಟ್ ಜೆನ್ ಫೈನಲ್ಸ್‌ನಲ್ಲಿ ಐದಕ್ಕೆ ಐದು, ಕ್ಯಾನ್‌ಬೆರಾ ಚಾಲೆಂಜರ್‌ನಲ್ಲಿ ಐದು, ಮೆಲ್ಬರ್ನ್ ಅರ್ಹತಾ ಸುತ್ತಿನಲ್ಲಿ ಮೂರು, ಆಮೇಲೆ ರುಬ್ಲೆವ್. 18 ವರ್ಷದ ಹುಡುಗ ಅಷ್ಟು ಆಡಿ ಬಂದು ಐದು ಸೆಟ್ ಎಳೆದಿದ್ದಾನೆ. ಅದನ್ನು ತಪ್ಪು ಅಂತ ಹೇಗೆ ಹೇಳುತ್ತೀರಿ?

ಮಣ್ಣಂಗಳ
ನೋಡಿ, ನೀವೇ ನನ್ನ ಮಾತು ಹೇಳಿದಿರಿ. ಕ್ಯಾನ್‌ಬೆರಾ ಚಾಲೆಂಜರ್ ಗೆದ್ದೇ ಅಲ್ವಾ ಅವನು ಮೆಲ್ಬರ್ನ್‌ಗೆ ಆ ಧೈರ್ಯದಲ್ಲಿ ಹೋದದ್ದು?

ನೆಟ್‌ಹತ್ತಿರ
ನೆಕ್ಸ್ಟ್ ಜೆನ್ ಗೆಲುವನ್ನು ಜಾಸ್ತಿ ತೂಗಬೇಡಿ. ನಾಲ್ಕೇ ಗೇಮ್‌ನ ಸೆಟ್, 40-40 ಆದರೆ ಒಂದೇ ಪಾಯಿಂಟ್‌ನಲ್ಲಿ ತೀರ್ಮಾನ. ಅದು ನಿಜವಾದ ಟೆನಿಸ್‌ಗಿಂತ ಬೇರೆ ಆಟ.

ಹಳೆರಾಕೆಟ್
ಬೇರೆ ಆಟವೇ ಇರಬಹುದು. ಆದರೆ ಅಲ್ಲಿ ಗೆದ್ದವರ ಪಟ್ಟಿ ತೆಗೆದು ನೋಡಿ. 2018 ಸಿಟ್ಸಿಪಾಸ್, 2019 ಸಿನ್ನರ್, 2021 ಅಲ್ಕರಾಜ್. ಫೊನ್ಸೆಕಾ ಗೆದ್ದಾಗ ಅಲ್ಲಿದ್ದ ಎಂಟು ಜನರಲ್ಲಿ ಅವನದ್ದೇ ಎಲ್ಲರಿಗಿಂತ ಕೆಳಗಿನ ರ‍್ಯಾಂಕ್. ಸಿನ್ನರ್, ಅಲ್ಕರಾಜ್ ಇಬ್ಬರೂ ಗೆದ್ದಾಗ 18 ವರ್ಷ, ಇವನಿಗೂ 18.

ನೆಟ್‌ಹತ್ತಿರ
ಅದೇ ಪಟ್ಟಿಯಲ್ಲಿ 2022ರ ನಕಾಶಿಮಾ, 2023ರ ಮೆಡ್ಜೆಡೊವಿಚ್ ಕೂಡ ಇದ್ದಾರೆ. ಅವರನ್ನು ಯಾಕೆ ಬಿಟ್ಟಿರಿ? ನಮಗೆ ಬೇಕಾದ ಹೆಸರು ಮಾತ್ರ ಆರಿಸಿದರೆ ಯಾವ ವಾದವನ್ನಾದರೂ ಗೆಲ್ಲಬಹುದು.

ಸ್ಲೈಸ್‌ಪ್ರಿಯ
ಜೂನಿಯರ್ ದಿನಗಳ ಬಗ್ಗೆ ಯಾರೂ ಮಾತಾಡಲಿಲ್ಲ. 2023ರಲ್ಲಿ ಯುಎಸ್ ಓಪನ್ ಬಾಲಕರ ಪ್ರಶಸ್ತಿ ಗೆದ್ದ. ಫೈನಲ್‌ನಲ್ಲಿ ಸೋಲಿಸಿದ್ದು ಲರ್ನರ್ ಟಿಯೆನ್‌ನನ್ನು. ಮುಂದಿನ ವರ್ಷ ಜಿದ್ದಾ ಫೈನಲ್‌ನಲ್ಲೂ ಅದೇ ಟಿಯೆನ್.

ಆದರೆ ಜೂನಿಯರ್ ಪ್ರಶಸ್ತಿ ಅಂದ ತಕ್ಷಣ ನನಗೆ ಭಯವೇ ಆಗುತ್ತದೆ. ಬ್ರೆಜಿಲ್‌ನವರೇ ಆದ ಟಿಯಾಗೊ ಫೆರ್ನಾಂಡಿಸ್ 2010ರಲ್ಲಿ ಆಸ್ಟ್ರೇಲಿಯನ್ ಓಪನ್ ಬಾಲಕರ ಪ್ರಶಸ್ತಿ ಗೆದ್ದರು. ಜೂನಿಯರ್ ನಂಬರ್ 1 ಆದರು. 21ರ ಆಸುಪಾಸಿನಲ್ಲಿ ಟೆನಿಸ್ಸೇ ಬಿಟ್ಟರು. ಅದಕ್ಕೆ ಒಂದು ವರ್ಷ ಮೊದಲು, 2009ರಲ್ಲಿ, ಅದೇ ಪ್ರಶಸ್ತಿ ಗೆದ್ದದ್ದು ನಮ್ಮ ಯೂಕಿ ಭಾಂಬ್ರಿ. ಅವರೂ ಜೂನಿಯರ್ ನಂಬರ್ 1. ಆಟದಲ್ಲಿ ಏನೂ ಕೊರತೆ ಇರಲಿಲ್ಲ, ಗಾಯಗಳು ಬಿಡಲಿಲ್ಲ. ಸಿಂಗಲ್ಸ್‌ನಲ್ಲಿ 83ರವರೆಗೆ ಬಂದು ಆಮೇಲೆ ಡಬಲ್ಸ್‌ಗೆ ಹೋದರು. ಆ ಹುಡುಗನ ಮೇಲೆ ನಾವೆಲ್ಲ ಎಷ್ಟು ಆಸೆ ಇಟ್ಟುಕೊಂಡಿದ್ದೆವು ಅಂತ ನೆನಪಿರುವವರಿಗೆ ಫೊನ್ಸೆಕಾ ಬಗ್ಗೆ ಈಗಲೇ ದೊಡ್ಡ ಮಾತು ಆಡಲು ನಾಲಿಗೆ ಬರುವುದಿಲ್ಲ.

ಹಳೆರಾಕೆಟ್
ಯೂಕಿ ವಿಷಯ ನೂರಕ್ಕೆ ನೂರು ನಿಜ. ಅವರ ಸರ್ವ್ ರಿಟರ್ನ್ ಈಗಲೂ ಕಣ್ಣಿಗೆ ಕಟ್ಟಿದ ಹಾಗಿದೆ.

ಅಂಗಳದಂಚು
ಉಲ್ಟಾ ಉದಾಹರಣೆಯೂ ಇದೆ. ಸಿನ್ನರ್ ಜೂನಿಯರ್ ಟೂರ್ನಿಗಳನ್ನು ಆಡಿದ್ದೇ ಕಡಿಮೆ. 13ರವರೆಗೆ ಸ್ಕೀಯಿಂಗ್ ಮಾಡಿಕೊಂಡಿದ್ದವನು. 17ಕ್ಕೆ ಬೆರ್ಗಾಮೊ ಚಾಲೆಂಜರ್ ಗೆದ್ದ. ಹಾಗಾಗಿ ಜೂನಿಯರ್ ಫಲಿತಾಂಶದಿಂದ ಯಾವ ಕಡೆಗೂ ತೀರ್ಮಾನ ಆಗುವುದಿಲ್ಲ. ದೊಡ್ಡವರ ಜೊತೆ ಎಷ್ಟು ಬೇಗ ಆಡಲು ಶುರು ಮಾಡಿದ, ಸೋತ ಮೇಲೆ ಏನು ಕಲಿತ ಅನ್ನುವುದೇ ಮುಖ್ಯ.

ಲೆಕ್ಕದಮೇಷ್ಟ್ರು
ಎಲ್ಲರೂ ಭಾವನೆಯಲ್ಲಿ ಮಾತಾಡುತ್ತಿದ್ದೀರಿ. ಸ್ವಲ್ಪ ರ‍್ಯಾಂಕಿಂಗ್ ಪಾಯಿಂಟ್ಸ್ ನೋಡೋಣ.

2025ರಲ್ಲಿ ಅವನು ಗೆದ್ದ ಟೂರ್ನಿಗಳು: ಕ್ಯಾನ್‌ಬೆರಾ 125, ಬ್ಯೂನಸ್ ಐರಿಸ್ 250, ಫೀನಿಕ್ಸ್ ಚಾಲೆಂಜರ್ 175, ಬಾಸೆಲ್ 500. ಸೇರಿಸಿದರೆ 1050. ಈಗ ನಾಲ್ಕು ಗ್ರ್ಯಾನ್‌ಸ್ಲಾಮ್ ನೋಡಿ. ಆಸ್ಟ್ರೇಲಿಯಾದಲ್ಲಿ ಎರಡನೇ ಸುತ್ತಿಗೆ 50, ಅರ್ಹತಾ ಸುತ್ತು ದಾಟಿದ್ದಕ್ಕೆ 30. ಪ್ಯಾರಿಸ್ (ಫ್ರೆಂಚ್ ಓಪನ್) ಮತ್ತು ವಿಂಬಲ್ಡನ್‌ನಲ್ಲಿ ಮೂರನೇ ಸುತ್ತು, ತಲಾ 100. ಯುಎಸ್ ಓಪನ್‌ನಲ್ಲಿ ಎರಡನೇ ಸುತ್ತು, 50. ನಾಲ್ಕೂ ಸೇರಿ 330. ಅಂದರೆ ಎರಡು ಚಾಲೆಂಜರ್‌ಗಳಿಂದ ಬಂದ 300 ಪಾಯಿಂಟ್ಸ್ ಹೆಚ್ಚುಕಡಿಮೆ ನಾಲ್ಕು ಗ್ರ್ಯಾನ್‌ಸ್ಲಾಮ್‌ಗಳಷ್ಟೇ ತೂಕದ್ದು!

ಪಾಯಿಂಟ್ಸ್ ಬದುಕುವುದು 52 ವಾರ ಮಾತ್ರ. ಜನವರಿಯಲ್ಲಿ ಕ್ಯಾನ್‌ಬೆರಾ ಹೋಗುತ್ತದೆ, ಫೆಬ್ರುವರಿಯಲ್ಲಿ ಬ್ಯೂನಸ್ ಐರಿಸ್, ಮಾರ್ಚ್‌ನಲ್ಲಿ ಫೀನಿಕ್ಸ್. ಮೂರು ತಿಂಗಳಲ್ಲಿ 550 ಕೈಬಿಡುತ್ತದೆ. ಅದನ್ನು ತುಂಬಿಕೊಳ್ಳದಿದ್ದರೆ ಏಪ್ರಿಲ್‌ನಲ್ಲಿ ರ‍್ಯಾಂಕಿಂಗ್ ಬೀಳುತ್ತದೆ. ಆಗ ಇದೇ ಜನ ‘ಫೊನ್ಸೆಕಾ ಮುಗಿದ’ ಅಂತ ಬರೆಯುತ್ತಾರೆ. ಆಟ ಕೆಡದೆಯೂ ರ‍್ಯಾಂಕಿಂಗ್ ಬೀಳಬಹುದು ಅನ್ನುವುದನ್ನು ಈಗಲೇ ನೆನಪಿಟ್ಟುಕೊಳ್ಳಿ.

ರಾತ್ರಿಪಂದ್ಯ
ಮೇಷ್ಟ್ರೇ ಲೆಕ್ಕ ಸರಿ ಇದೆ. ಆದರೆ ಅದರಿಂದ ನನ್ನ ಮಾತೇ ಗಟ್ಟಿಯಾಗುತ್ತದೆ. ಈಗ ಅವನ ರ‍್ಯಾಂಕ್‌ಗೆ ಗ್ರ್ಯಾನ್‌ಸ್ಲಾಮ್‌ನಲ್ಲಿ ಶ್ರೇಯಾಂಕ ಸಿಗುತ್ತದೆ. ಮೊದಲ ಎರಡು ಸುತ್ತಿನಲ್ಲಿ ದೊಡ್ಡ ಹೆಸರು ಎದುರಾಗುವುದಿಲ್ಲ. ನಾಲ್ಕನೇ ಸುತ್ತಿಗೆ ಹೋದರೆ 200, ಕ್ವಾರ್ಟರ್ ಫೈನಲ್‌ಗೆ 400. ಒಂದು ಕ್ವಾರ್ಟರ್ ಫೈನಲ್ ಸಾಕು, ಕ್ಯಾನ್‌ಬೆರಾ ಮತ್ತು ಫೀನಿಕ್ಸ್ ಎರಡನ್ನೂ ಮರೆಯಬಹುದು.

ಮಣ್ಣಂಗಳ
ಫೀನಿಕ್ಸ್ ಬಗ್ಗೆ ನಾನು ಹೇಳಬೇಕಾದದ್ದು ಬಹಳ ಇದೆ. ನನಗೆ ಈ ಹುಡುಗನ ಮೇಲೆ ನಂಬಿಕೆ ಬಂದದ್ದು ಅಲ್ಲಿ, ರುಬ್ಲೆವ್ ಪಂದ್ಯದಲ್ಲಿ ಅಲ್ಲ.

ಹಿಂದಿನದ್ದು ನೆನಪಿಸಿಕೊಳ್ಳಿ. ಬ್ಯೂನಸ್ ಐರಿಸ್ ಗೆದ್ದು ಮುಂದಿನ ವಾರವೇ ರಿಯೊಗೆ ಬಂದ. ಸ್ವಂತ ಊರು, ತುಂಬಿದ ಸ್ಟೇಡಿಯಂ. ಮೊದಲ ಸುತ್ತಿನಲ್ಲೇ ಅಲೆಕ್ಸಾಂಡ್ರೆ ಮುಲ್ಲರ್ ಎದುರು ಸೋತ, ಮೊದಲ ಸೆಟ್ 6-1. ಆಮೇಲೆ ಅಮೆರಿಕದ ಇಂಡಿಯನ್ ವೆಲ್ಸ್‌ನಲ್ಲಿ ಬ್ರಿಟನ್‌ನ ಡ್ರೇಪರ್ ಎದುರು 6-4, 6-0 ಸೋಲು. ಹೊಸದಾಗಿ ಹೆಸರು ಮಾಡಿದ ಹುಡುಗನಿಗೆ ಅಂಥ ಸೊನ್ನೆ ಬಹಳ ನೋಯಿಸುತ್ತದೆ. ಮಿಯಾಮಿ ಟೂರ್ನಿಗೆ ಇನ್ನೂ ಸಮಯ ಇತ್ತು, ಸುಮ್ನೆ ವಿಶ್ರಾಂತಿ ತಗೊಳ್ಳಬಹುದಿತ್ತು. ಅವನು ಫೀನಿಕ್ಸ್‌ಗೆ ಹೋಗಿ ಚಾಲೆಂಜರ್ ಆಡಿದ. ಆಡಿ ಗೆದ್ದ. ಫೈನಲ್‌ನಲ್ಲಿ ಎದುರಿಗಿದ್ದದ್ದು ಬುಬ್ಲಿಕ್. ಅದೇ ಬುಬ್ಲಿಕ್ ಆಮೇಲೆ ಪ್ಯಾರಿಸ್‌ನಲ್ಲಿ ಡ್ರೇಪರ್‌ನನ್ನು ಸೋಲಿಸಿ ಕ್ವಾರ್ಟರ್ ಫೈನಲ್ ತಲುಪಿದ, ಜರ್ಮನಿಯ ಹಾಲೆ ಟೂರ್ನಿಯಲ್ಲಿ ಸಿನ್ನರ್‌ನನ್ನು ಸೋಲಿಸಿ ಪ್ರಶಸ್ತಿ ಎತ್ತಿದ.

ಎಟಿಪಿ ಪ್ರಶಸ್ತಿ ಗೆದ್ದ ಮೇಲೆ ಚಾಲೆಂಜರ್ ಆಡಲು ಅಹಂಕಾರ ಬಿಡಬೇಕು. ಎಷ್ಟೋ ಹುಡುಗರು ಅಲ್ಲೇ ಎಡವುತ್ತಾರೆ. ದೊಡ್ಡ ಟೂರ್ನಿಗಳ ಮೊದಲ ಸುತ್ತಿನಲ್ಲಿ ಸೋಲುತ್ತಾ ಇರುತ್ತಾರೆ, ವಾರಕ್ಕೆ ಒಂದು ಪಂದ್ಯ ಆಡುತ್ತಾರೆ, ಗೆಲ್ಲುವುದು ಹೇಗೆ ಅನ್ನುವುದೇ ಮರೆತುಹೋಗುತ್ತದೆ. ಗೆಲ್ಲುವುದೂ ಒಂದು ಅಭ್ಯಾಸ. ಅದಕ್ಕೆ ಪಂದ್ಯ ಬೇಕು, ನೆಟ್ ಅಭ್ಯಾಸ ಸಾಲದು.

ಬ್ರೇಕ್‌ಪಾಯಿಂಟ್
+1. ಇದಕ್ಕಿಂತ ಚೆನ್ನಾಗಿ ಹೇಳಲು ಆಗಲ್ಲ.

ಎರಡನೇಸರ್ವ್
ಫೀನಿಕ್ಸ್ ಸಾಮಾನ್ಯ ಚಾಲೆಂಜರ್ ಅಲ್ಲ ಅನ್ನುವುದನ್ನೂ ಹೇಳಬೇಕು. 175 ದರ್ಜೆಯದ್ದು, ಇಂಡಿಯನ್ ವೆಲ್ಸ್‌ನಲ್ಲಿ ಬೇಗ ಸೋತವರಿಗಾಗಿಯೇ ಇಟ್ಟ ಹಾಗಿರುತ್ತದೆ. ಅಗ್ರ 50ರ ಒಳಗಿನವರೂ ಬರುತ್ತಾರೆ. ಹಾಗಾಗಿ ‘ಕೆಳಗಿಳಿದ’ ಅನ್ನುವುದು ಸ್ವಲ್ಪ ಜಾಸ್ತಿ ಆಯಿತು. ಇನ್ನು ಯುರೋಪಿನ ಆವೆಮಣ್ಣಿನ ಅಂಗಳಗಳಿಗೆ ಹೋದಾಗ ಏನಾಯಿತು? ಮ್ಯಾಡ್ರಿಡ್‌ನಲ್ಲಿ ಟಾಮಿ ಪಾಲ್ ಎದುರು, ರೋಮ್‌ನಲ್ಲಿ ಮರೋಜ್ಸಾನ್ ಎದುರು ಸೋಲು. ಫೀನಿಕ್ಸ್ ಗೆಲುವಿನಿಂದ ಕಲಿತದ್ದು ಅಲ್ಲಿ ಕಾಣಲಿಲ್ಲವಲ್ಲ?

ಕೋರ್ಟ್‌ಸೈಡ್
ನನ್ನ ಪ್ರಕಾರ ಕೋಚ್ ಬದಲಾಯಿಸಬೇಕು. ದೊಡ್ಡ ಹೆಸರಿನವರು ಬೇಕು.

ಅಂಗಳದಂಚು
ಯಾಕೆ? ಗಿಲ್ಯೆರ್ಮೆ ಟೆಯ್ಶೇರಾ ಅವನ ಜೊತೆ ಚಿಕ್ಕ ವಯಸ್ಸಿನಿಂದ ಇದ್ದಾರೆ. ಒಂದು ವರ್ಷದಲ್ಲಿ 145ರಿಂದ 24ಕ್ಕೆ ತಂದ ಕೋಚ್‌ನನ್ನು ಯಾವ ತಪ್ಪಿಗೆ ತೆಗೆಯಬೇಕು? ಅಲ್ಕರಾಜ್ ಜೊತೆಯೂ ಫೆರೆರೊ ಅವರು ಹದಿಹರೆಯದಿಂದಲೇ ಇದ್ದರು. ಆ ವಯಸ್ಸಿನಲ್ಲಿ ಹುಡುಗನನ್ನು ಓದಬಲ್ಲವರು ಪಕ್ಕದಲ್ಲಿರುವುದು ಎಲ್ಲಕ್ಕಿಂತ ಮುಖ್ಯ.

ಕೋರ್ಟ್‌ಸೈಡ್
ಫೆರೆರೊ ಸ್ವತಃ ಫ್ರೆಂಚ್ ಓಪನ್ ಗೆದ್ದು ನಂಬರ್ 1 ಆಗಿದ್ದವರು. ದೊಡ್ಡ ಪಂದ್ಯದ ಹಿಂದಿನ ರಾತ್ರಿ ಏನಾಗುತ್ತದೆ ಅನ್ನುವುದು ಅವರಿಗೆ ಗೊತ್ತು. ನಾನು ಹೇಳುತ್ತಿರುವುದು ಅಂಥವರು ಒಬ್ಬರು ತಂಡದಲ್ಲಿ ಇರಲಿ ಅಂತ. ಟೆಯ್ಶೇರಾ ಅವರೂ ಇರಲಿ.

ಅಂಗಳದಂಚು
ಹಾಗಾದರೆ ಒಪ್ಪುತ್ತೇನೆ. ಸೇರಿಸುವುದು ಬೇರೆ, ಬದಲಾಯಿಸುವುದು ಬೇರೆ.

ವಾಲಿಪ್ರಿಯೆ
ಅವನು ಕಾಲೇಜಿಗೆ ಹೋಗಬೇಕಿತ್ತು ಅನ್ನುವ ವಾದವನ್ನು ಇನ್ನೂ ಯಾರೂ ತಂದಿಲ್ಲ, ನಾನೇ ತರುತ್ತೇನೆ. ಅಮೆರಿಕದ ವರ್ಜೀನಿಯಾ ವಿಶ್ವವಿದ್ಯಾಲಯಕ್ಕೆ ಸೇರುವುದು ಅಂತ ಮಾತಾಗಿತ್ತು. 2024ರ ಫೆಬ್ರುವರಿಯಲ್ಲಿ ರಿಯೊ ಟೂರ್ನಿಗೆ ವೈಲ್ಡ್ ಕಾರ್ಡ್ (ಆಯೋಜಕರು ಕೊಡುವ ನೇರ ಪ್ರವೇಶ) ಸಿಕ್ಕಿತು. ಆರ್ಥರ್ ಫಿಸ್‌ನನ್ನು 6-0, 6-4ರಿಂದ ಸೋಲಿಸಿದ, ಗಾರಿನ್‌ನನ್ನೂ ಸೋಲಿಸಿ ಕ್ವಾರ್ಟರ್ ಫೈನಲ್ ತಲುಪಿದ. ಅಷ್ಟು ಹೊತ್ತಿಗೆ ಕಾಲೇಜು ಬೇಡ, ವೃತ್ತಿಪರನಾಗುತ್ತೇನೆ ಅಂತ ತೀರ್ಮಾನ ಮಾಡಿದ. ಆಗ ವಯಸ್ಸು 17.

ಬೆನ್ ಶೆಲ್ಟನ್ ಫ್ಲೋರಿಡಾದಲ್ಲಿ ಕಾಲೇಜು ಟೆನಿಸ್ ಆಡಿ, 2022ರಲ್ಲಿ ಅಮೆರಿಕದ ಕಾಲೇಜುಗಳ ಸಿಂಗಲ್ಸ್ ಪ್ರಶಸ್ತಿ ಗೆದ್ದು ಬಂದವನು. ಈಗ ಅಗ್ರ ಹತ್ತರಲ್ಲಿದ್ದಾನೆ. ಕಾಲೇಜಿನಲ್ಲಿ ಕೋಚ್, ಫಿಸಿಯೊ, ಜಿಮ್ ಎಲ್ಲ ಸಿಗುತ್ತದೆ. ಪ್ರಯಾಣದ ಖರ್ಚಿನ ಚಿಂತೆ ಇಲ್ಲ. ದೇಹ ಗಟ್ಟಿಯಾಗಲು ಸಮಯ ಸಿಗುತ್ತದೆ. ಒಂದು ವರ್ಷ ಹೋಗಿದ್ದರೆ ಏನೂ ಕಳೆದುಕೊಳ್ಳುತ್ತಿರಲಿಲ್ಲ ಅನ್ನಿಸುತ್ತದೆ ನನಗೆ.

ಹಳೆರಾಕೆಟ್
ಒಂದು ವರ್ಷ ಹೋಗಿದ್ದರೆ ಜಿದ್ದಾ, ರುಬ್ಲೆವ್, ಬ್ಯೂನಸ್ ಐರಿಸ್ ಯಾವುದೂ ಆಗ ಆಗುತ್ತಿರಲಿಲ್ಲ ತಾಯಿ. ಫಿಸ್‌ಗೆ ಒಂದು ಸೆಟ್‌ನಲ್ಲಿ ಒಂದು ಗೇಮ್ ಕೂಡ ಬಿಡದ ಹುಡುಗ ಕಾಲೇಜು ತಂಡದಲ್ಲಿ ಯಾರ ಜೊತೆ ಆಡಿ ಕಲಿಯಬೇಕು?

ವಾಲಿಪ್ರಿಯೆ
ಅದೇ ಟಿಯೆನ್ ಒಂದು ಸೆಮಿಸ್ಟರ್ ಕಾಲೇಜಿಗೆ ಹೋಗಿ ಬಂದನಲ್ಲ? ಅವನಿಗೇನೂ ನಷ್ಟ ಆಗಲಿಲ್ಲ. 2025ರ ಆಸ್ಟ್ರೇಲಿಯನ್ ಓಪನ್‌ನಲ್ಲಿ ಮೆಡ್ವೆಡೆವ್‌ನನ್ನು ಐದು ಸೆಟ್‌ಗಳಲ್ಲಿ ಸೋಲಿಸಿ ನಾಲ್ಕನೇ ಸುತ್ತಿಗೆ ಹೋದ. ಗ್ರ್ಯಾನ್‌ಸ್ಲಾಮ್ ಲೆಕ್ಕದಲ್ಲಿ ಅವನೇ ಒಂದು ಹೆಜ್ಜೆ ಮುಂದೆ.

ಲೆಕ್ಕದಮೇಷ್ಟ್ರು
ಇದು ಒಳ್ಳೆಯ ಪಾಯಿಂಟ್.

ಟಾಸ್
ಹಣದ ವಿಷಯವನ್ನೂ ಸೇರಿಸಿ. ಫೊನ್ಸೆಕಾಗೆ ಪ್ರಾಯೋಜಕರು ಬೇಗ ಸಿಕ್ಕರು. ಫೆಡರರ್ ಹೂಡಿಕೆ ಮಾಡಿರುವ ಆನ್ ಕಂಪನಿಯೇ ಅವನ ಬಟ್ಟೆ, ಶೂ ಕೊಡುವುದು. ಹಾಗಾಗಿ ಕಾಲೇಜು ಬಿಡುವ ತೀರ್ಮಾನ ಅವನಿಗೆ ಸುಲಭ. ನಮ್ಮ ಸುಮಿತ್ ನಾಗಲ್ 2019ರಲ್ಲಿ ಯುಎಸ್ ಓಪನ್‌ನಲ್ಲಿ ಫೆಡರರ್ ಎದುರು ಮೊದಲ ಸೆಟ್ ಗೆದ್ದವರು. 2023ರಲ್ಲಿ ಬ್ಯಾಂಕ್ ಖಾತೆಯಲ್ಲಿ 900 ಯುರೋ ಮಾತ್ರ ಇದೆ ಅಂತ ಅವರೇ ಹೇಳುವ ಪರಿಸ್ಥಿತಿ ಬಂತು. ಮುಂದಿನ ಜನವರಿಯಲ್ಲೇ ಆಸ್ಟ್ರೇಲಿಯನ್ ಓಪನ್‌ನಲ್ಲಿ ಬುಬ್ಲಿಕ್‌ನನ್ನು ಸೋಲಿಸಿದರು. ಅಂಥ ಆಟಗಾರನಿಗೆ ಕೋಚ್ ಜೊತೆ ಪ್ರಯಾಣ ಮಾಡುವುದೇ ಕಷ್ಟ ಆಗಿತ್ತು ಅಂದರೆ ಯೋಚನೆ ಮಾಡಿ. ಪ್ರತಿಭೆ ಬಗ್ಗೆ ಮಾತಾಡುವಾಗ ಇದನ್ನು ಬಿಡಬಾರದು.

ಸ್ಲೈಸ್‌ಪ್ರಿಯ
ನಾಗಲ್ ವಿಷಯ ಓದಿದಾಗ ಹೊಟ್ಟೆ ಉರಿದಿತ್ತು. ಆ ಮಟ್ಟದ ಆಟಗಾರ ವರ್ಷವಿಡೀ ದುಡಿದು ಖರ್ಚಿಗೆ ಸರಿಹೋದರೆ ಸಾಕು ಅನ್ನುವ ಸ್ಥಿತಿ. ಅದಕ್ಕೆ ಬೇರೆ ಥ್ರೆಡ್ ತೆಗೆಯಿರಿ ಟಾಸ್, ಬರೆಯಲು ಬಹಳ ಇದೆ.

ಬ್ರೇಕ್‌ಪಾಯಿಂಟ್
ಆಟದ ಬಗ್ಗೆ ಮಾತಾಡೋಣ. ಅವನ ಫೋರ್‌ಹ್ಯಾಂಡ್‌ನಂಥ ಹೊಡೆತ ಈಗ ಟೂರ್‌ನಲ್ಲಿ ಕೆಲವೇ ಜನರ ಹತ್ತಿರ ಇದೆ. ಚೆಂಡು ಮೇಲೇಳುವಾಗಲೇ ಹಿಡಿದು ಚಪ್ಪಟೆಯಾಗಿ ಹೊಡೆಯುತ್ತಾನೆ. ಎದುರಿನವನಿಗೆ ಜಾಗ ಹಿಡಿಯಲು ಸಮಯವೇ ಇಲ್ಲ. ತೊಂದರೆ ಇರುವುದು ಆಯ್ಕೆಯಲ್ಲಿ. ನಾಲ್ಕು ಹೊಡೆತದಲ್ಲಿ ಗೆಲ್ಲಬೇಕಾದ ಪಾಯಿಂಟ್ ಅನ್ನು ಎರಡರಲ್ಲೇ ಮುಗಿಸಲು ಹೋಗುತ್ತಾನೆ. ಫ್ರೆಂಚ್ ಓಪನ್‌ನಲ್ಲಿ ಡ್ರೇಪರ್ ಅದನ್ನೇ ಬಳಸಿಕೊಂಡ. ಚೆಂಡನ್ನು ಒಂದು ಸಲ ಜಾಸ್ತಿ ವಾಪಸ್ ಹಾಕಿದ, ಎತ್ತರ ಬದಲಾಯಿಸಿದ, ಓಡಿಸಿದ. 6-2, 6-4, 6-2. ನೋಡಲು ಕಷ್ಟ ಆಯಿತು.

ಬಾಸೆಲ್ ಫೈನಲ್‌ನಲ್ಲಿ ಡೇವಿಡೊವಿಚ್ ಫೊಕಿನಾ ಎದುರು ಅದು ಕಡಿಮೆ ಆಗಿತ್ತು. ಕ್ರಾಸ್‌ಕೋರ್ಟ್‌ನಲ್ಲಿ ತಾಳ್ಮೆಯಿಂದ ಆಡಿ, ಚೆಂಡು ಗಿಡ್ಡ ಬಿದ್ದಾಗ ಮಾತ್ರ ಲೈನ್ ಕಡೆ ತಿರುಗಿಸಿದ. 6-3, 6-4.

ನೆಟ್‌ಹತ್ತಿರ
ಬಾಸೆಲ್‌ನಲ್ಲಿ ಅದೃಷ್ಟವೂ ಇತ್ತು. ಕ್ವಾರ್ಟರ್ ಫೈನಲ್‌ನಲ್ಲಿ ಶಪೊವಲೊವ್ ಮಧ್ಯದಲ್ಲೇ ಪಂದ್ಯ ಬಿಟ್ಟ.

ಬ್ರೇಕ್‌ಪಾಯಿಂಟ್
ಆಗ ಮೂರನೇ ಸೆಟ್‌ನಲ್ಲಿ ಫೊನ್ಸೆಕಾನೇ ಮುಂದಿದ್ದ. ಫೈನಲ್‌ನಲ್ಲಿ ಯಾರೂ ಏನೂ ಬಿಟ್ಟುಕೊಡಲಿಲ್ಲ.

ಹಳೆರಾಕೆಟ್
ನನಗೆ ಬ್ಯೂನಸ್ ಐರಿಸ್ ಗೆಲುವೇ ದೊಡ್ಡದು. ಬ್ರೆಜಿಲ್ ಹುಡುಗ, ಅರ್ಜೆಂಟೀನಾದ ನೆಲ, ಸೋಲಿಸಿದ್ದು ನಾಲ್ಕು ಜನ ಅರ್ಜೆಂಟೀನಾ ಆಟಗಾರರನ್ನು. ಕ್ವಾರ್ಟರ್ ಫೈನಲ್‌ನಲ್ಲಿ ನವೋನೆ ಎದುರು ಎರಡು ಮ್ಯಾಚ್ ಪಾಯಿಂಟ್ ಉಳಿಸಿಕೊಂಡ. ಒಂದು ವರ್ಷದ ಹಿಂದೆ ರಿಯೊದಲ್ಲಿ ಅವನನ್ನು ಸೋಲಿಸಿದ್ದವನೂ ಇದೇ ನವೋನೆ. ಫೈನಲ್‌ನಲ್ಲಿ ಫ್ರಾನ್ಸಿಸ್ಕೊ ಸೆರುಂಡೊಲೊ. ಜನರೆಲ್ಲ ಎದುರಾಳಿ ಪರ ಕೂಗುತ್ತಿದ್ದರೂ ಟೈಬ್ರೇಕರ್ 7-1ಕ್ಕೆ ಮುಗಿಸಿದ. 2006ರಲ್ಲಿ ಹುಟ್ಟಿದವರಲ್ಲಿ ಎಟಿಪಿ ಪ್ರಶಸ್ತಿ ಗೆದ್ದ ಮೊದಲಿಗ.

ಸ್ಲೈಸ್‌ಪ್ರಿಯ
ಎದುರಾಳಿಯ ಜನರ ಮುಂದೆ ಗೆದ್ದ, ತನ್ನ ಜನರ ಮುಂದೆ ಮುಂದಿನ ವಾರವೇ ಸೋತ. ನನಗೆ ಕಾಣುವ ನಿಜವಾದ ಸಮಸ್ಯೆ ಇದು. ಎಲ್ಲಿ ಆಡಿದರೂ ಬ್ರೆಜಿಲ್ ಬಾವುಟ, ಹಾಡು, ಫುಟ್‌ಬಾಲ್ ಪಂದ್ಯದಂಥ ಗಲಾಟೆ. ತಮ್ಮ ಹಿಂದಿನ ಚಾಂಪಿಯನ್ ಕುಯೆರ್ಟನ್ ನಂತರ ಬ್ರೆಜಿಲ್ ಜನ ಇಷ್ಟು ವರ್ಷ ಕಾದಿದ್ದಾರೆ, ಅವರ ಪ್ರೀತಿ ಅರ್ಥ ಆಗುತ್ತದೆ. ಆದರೆ ಆ ಭಾರ ಹೊರುವವನಿಗೆ 19 ವರ್ಷ.

ರಾತ್ರಿಪಂದ್ಯ
ಕುಯೆರ್ಟನ್ 1997ರಲ್ಲಿ ಫ್ರೆಂಚ್ ಓಪನ್ ಗೆದ್ದಾಗ 66ನೇ ರ‍್ಯಾಂಕ್‌ನಲ್ಲಿದ್ದರು! ಅದಕ್ಕೂ ಮೊದಲು ಒಂದೂ ಟೂರ್ ಪ್ರಶಸ್ತಿ ಗೆದ್ದಿರಲಿಲ್ಲ. ಫೊನ್ಸೆಕಾ ಆ ಲೆಕ್ಕದಲ್ಲಿ ಆಗಲೇ ಮುಂದಿದ್ದಾನೆ.

ಎರಡನೇಸರ್ವ್
ಕುಯೆರ್ಟನ್ ಮೇಲೆ ಆಗ ಯಾರ ಕಣ್ಣೂ ಇರಲಿಲ್ಲ. ಅದೇ ವ್ಯತ್ಯಾಸ. ಯಾರೂ ನಿರೀಕ್ಷೆ ಮಾಡದಿದ್ದಾಗ ಗೆಲ್ಲುವುದು ಬೇರೆ, ಎಲ್ಲರೂ ಕಾಯುತ್ತಿರುವಾಗ ಗೆಲ್ಲುವುದು ಬೇರೆ. ಕುಯೆರ್ಟನ್ 2000 ಮತ್ತು 2001ರಲ್ಲಿ ಮತ್ತೆ ಪ್ಯಾರಿಸ್ ಗೆದ್ದರಲ್ಲ, ನನಗೆ ಅವೇ ಇನ್ನೂ ದೊಡ್ಡ ಸಾಧನೆ.

ಮಣ್ಣಂಗಳ
ಇದನ್ನು ಒಪ್ಪುತ್ತೇನೆ. ಅದಕ್ಕೇ ಈಗ ಇನ್ನೊಂದು ಪ್ರಶ್ನೆ ಕೇಳುತ್ತೇನೆ. ಫೆಬ್ರುವರಿಯಲ್ಲಿ ಅವನು ಬ್ಯೂನಸ್ ಐರಿಸ್, ರಿಯೊ ಆಡಬೇಕಾ, ಅಥವಾ ರೋಟರ್‌ಡ್ಯಾಮ್, ದೋಹಾ ಕಡೆ ಹೋಗಬೇಕಾ? ಗಟ್ಟಿ ಅಂಗಳದಿಂದ ಆವೆಮಣ್ಣಿಗೆ, ಮತ್ತೆ ಇಂಡಿಯನ್ ವೆಲ್ಸ್‌ಗೆ ಗಟ್ಟಿ ಅಂಗಳ. ಎರಡು ವಾರಕ್ಕಾಗಿ ಎರಡು ಸಲ ಹೊಂದಿಕೊಳ್ಳಬೇಕು. ಅಲ್ಕರಾಜ್ 2022ರಲ್ಲಿ ರಿಯೊ ಗೆದ್ದ, 2023ರಲ್ಲಿ ಬ್ಯೂನಸ್ ಐರಿಸ್ ಗೆದ್ದ. 2024ರಲ್ಲಿ ರಿಯೊದ ಮೊದಲ ಪಂದ್ಯದಲ್ಲೇ ಕಾಲು ಉಳುಕಿಸಿಕೊಂಡ. 2025ರಲ್ಲಿ ಆ ಕಡೆ ಹೋಗಲೇ ಇಲ್ಲ, ರೋಟರ್‌ಡ್ಯಾಮ್ ಆಡಿ ಗೆದ್ದ.

ಅಂಗಳದಂಚು
ಅಲ್ಕರಾಜ್‌ಗೆ ರಿಯೊ ಸ್ವಂತ ಊರಲ್ಲ ಸಾರ್. ಫೊನ್ಸೆಕಾ ರಿಯೊ ಬಿಟ್ಟರೆ ಅಲ್ಲಿನ ಜನ ಸುಮ್ಮನಿರುತ್ತಾರಾ?

ಮಣ್ಣಂಗಳ
ಸುಮ್ಮನಿರಲ್ಲ. ಅವನಿಗೂ ಬಿಡಲು ಮನಸ್ಸು ಬರಲ್ಲ. ಹಾಗಾಗಿ ನನ್ನ ಲೆಕ್ಕದಲ್ಲಿ ಬ್ಯೂನಸ್ ಐರಿಸ್ ಬಿಡಲಿ, ರಿಯೊ ಮಾತ್ರ ಆಡಲಿ. ಹಿಂದಿನ ವಾರ ಮನೆಯಲ್ಲೇ ಅಭ್ಯಾಸ ಮಾಡಿಕೊಂಡು, ದಣಿವಿಲ್ಲದೆ ಅಂಗಳಕ್ಕೆ ಇಳಿಯಲಿ.

ಲೆಕ್ಕದಮೇಷ್ಟ್ರು
ಬಿಟ್ಟರೆ 250 ಪಾಯಿಂಟ್ಸ್ ಆಡದೆಯೇ ಹೋಗುತ್ತದೆ. ಪ್ರಶಸ್ತಿ ಉಳಿಸಿಕೊಳ್ಳಲು ಹೋಗದ ಹಾಲಿ ಚಾಂಪಿಯನ್ ಅನ್ನಿಸಿಕೊಳ್ಳುವುದು ಅವನಿಗೆ ಇಷ್ಟ ಆಗುತ್ತಾ?

ಬ್ರೇಕ್‌ಪಾಯಿಂಟ್
ಎರಡೂ ಆಡುತ್ತಾನೆ ನೋಡಿ. ಆಡಲಿ ಬಿಡಿ. 19ರಲ್ಲಿ ಆವೆಮಣ್ಣಿನ ಮೇಲೆ ಆಡದೆ ಇನ್ಯಾವಾಗ ಆಡುತ್ತಾನೆ? ಮಾರ್ಚ್‌ನಲ್ಲಿ ಇಂಡಿಯನ್ ವೆಲ್ಸ್‌ನಲ್ಲಿ ಬೇಗ ಸೋತರೆ ಫೀನಿಕ್ಸ್ ಹೇಗೂ ಇದೆ.

ರಾತ್ರಿಪಂದ್ಯ
ಸೋಲಲ್ಲ. ಈ ಸಲ ಇಂಡಿಯನ್ ವೆಲ್ಸ್‌ನಲ್ಲಿ ಕ್ವಾರ್ಟರ್ ಫೈನಲ್. ಬರೆದಿಟ್ಟುಕೊಳ್ಳಿ.